ಲೆನ್ಸಿನ ಮುಂದಿನ ಇನ್ನೊಂದು ಗಾಜು

ಮುಂಬೈ ಫೋರ್ಟಿನ ಬೋರಾ ಬಜಾರಿನಲ್ಲಿ ಕ್ಯಾಮೆರಾ ಕೊಳ್ಳಲು ಹೋದವರಿಗೆ ಬಿಲ್ಲು ಬರೆಯುವ ಹೊತ್ತಿಗೆ ಒಂದು ಪ್ರಶ್ನೆ ಎದುರಾಗುವುದುಂಟು: ಇಷ್ಟು ದುಡ್ಡು ಕೊಟ್ಟು ಲೆನ್ಸ್ ತಗೊಂಡಿದ್ದೀರಿ, ಮೇಲೊಂದು ಯುವಿ ಫಿಲ್ಟರ್ ಹಾಕಿ ಕೊಡಲೇ? ಹೆಚ್ಚಿನವರು ಹೂಂ ಎನ್ನುತ್ತಾರೆ. ಅಂಗಡಿಯವರನ್ನು ದೂರಬೇಕಾಗಿಲ್ಲ, ತಲೆಮಾರುಗಳಿಂದ ನಡೆದುಬಂದ ಸಲಹೆ ಅದು. ತೊಂದರೆ ಇರುವುದು ಮುಂದಿನ ನಡೆಯಲ್ಲಿ. ಹಾಗೆ ತಿರುಗಿಸಿ ಕೂರಿಸಿದ ಗಾಜು ಮತ್ತೆ ಕಳಚುವುದೇ ಇಲ್ಲ. ಹಗಲಾಗಲಿ ರಾತ್ರಿಯಾಗಲಿ, ಸಮುದ್ರತೀರವಾಗಲಿ ಮದುವೆ ಮಂಟಪವಾಗಲಿ, ಲೆನ್ಸಿನ ಅಂಗವೇ ಎಂಬಂತೆ ಅದು ಅಲ್ಲಿ ಉಳಿದುಬಿಡುತ್ತದೆ. ರಕ್ಷಣೆಯ ಫಿಲ್ಟರ್ ಬೇಕೇ ಬೇಡವೇ ಎಂಬ ಹಳೆಯ ಜಗಳದಲ್ಲಿ ನನ್ನ ನಿಲುವು ಇದು: ಮುಂಬೈಯಲ್ಲಿ ಅದು ಬೇಕಾಗುವ ಜಾಗಗಳು ಖಂಡಿತ ಇವೆ, ಬಹುಶಃ ಒಳನಾಡಿನ ಊರುಗಳಿಗಿಂತ ಹೆಚ್ಚೇ ಇವೆ. ಆದರೆ ಅದು ಜಾಗ ನೋಡಿ ಹಾಕಬೇಕಾದ, ಕೆಲಸ ಮುಗಿದೊಡನೆ ತೆಗೆಯಬೇಕಾದ ಸಾಧನ. ಈ ನಗರದಲ್ಲಿ ಲೆನ್ಸುಗಳನ್ನು ನಿಜವಾಗಿ ತಿಂದುಹಾಕುವ ಶತ್ರುವೇ ಬೇರೆ. ಅದರ ಮುಂದೆ ಫಿಲ್ಟರ್ ಏನೂ ಮಾಡಲಾರದು.

ಸಲಹೆ ಹುಟ್ಟಿದ ಕಾಲಕ್ಕೆ ಅದಕ್ಕೆ ಎರಡು ಗಟ್ಟಿ ಕಾರಣಗಳಿದ್ದವು. ಫಿಲ್ಮು ನೇರಳಾತೀತ ಕಿರಣಗಳಿಗೆ ಸ್ಪಂದಿಸುತ್ತಿತ್ತು. ಸಮುದ್ರದ ಮೇಲೆ ಅಥವಾ ಘಟ್ಟದ ನೆತ್ತಿಯಲ್ಲಿ ದೂರದ ದೃಶ್ಯ ತೆಗೆದರೆ ಕಣ್ಣಿಗೆ ಕಾಣದ ಆ ಬೆಳಕು ಚಿತ್ರದಲ್ಲಿ ನೀಲಿ ಮಬ್ಬಾಗಿ ಮೂಡುತ್ತಿತ್ತು. ಯುವಿ ಫಿಲ್ಟರ್ ಅದನ್ನು ತಡೆಯುತ್ತಿತ್ತು. ಎರಡನೆಯದು ಲೆನ್ಸಿನ ಲೇಪನದ ಮಾತು. ಗಾಜಿನ ಮೇಲೆ ತೆಳುಪದರ ಹರಡಿ ಪ್ರತಿಫಲನ ತಗ್ಗಿಸುವ ವಿಧಾನವನ್ನು ಜರ್ಮನಿಯ ಝೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ರೂಪಿಸಿದ್ದು 1935ರಲ್ಲಿ. ಆರಂಭದ ಆ ಲೇಪನಗಳು ಬಹಳ ಮೆದು. ಒರೆಸಿ ಒರೆಸಿಯೇ ಅಳಿಸಿಹೋಗುತ್ತಿದ್ದವು. ಅಂಥ ಲೆನ್ಸಿನ ಮುಂದೆ ಒಂದು ಅಗ್ಗದ ಗಾಜನ್ನು ಕಾವಲಿಟ್ಟದ್ದು ವಿವೇಕವೇ ಆಗಿತ್ತು. ಈಗ ಎರಡೂ ಕಾರಣಗಳು ಉಳಿದಿಲ್ಲ. ಡಿಜಿಟಲ್ ಕ್ಯಾಮೆರಾದ ಸೆನ್ಸರಿನ ಮುಂದೆ ನೇರಳಾತೀತ ಮತ್ತು ಅವಕೆಂಪು ಕಿರಣಗಳನ್ನು ತಡೆಯುವ ಪದರವನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಲೆನ್ಸಿನ ಗಾಜುಗಳೂ ಆ ಕಿರಣಗಳ ಬಹುಪಾಲನ್ನು ಹೀರುತ್ತವೆ. ಲೇಪನಗಳೂ ಗಟ್ಟಿಯಾಗಿವೆ. ಮೇಲ್ದರ್ಜೆಯ ಲೆನ್ಸುಗಳ ಮುಖದ ಗಾಜಿಗೆ ನೀರು, ಎಣ್ಣೆ, ಬೆರಳ ಗುರುತು ಅಂಟದಂಥ ಫ್ಲೋರಿನ್ ಲೇಪನವೂ ಇರುತ್ತದೆ. ಕಾರಣಗಳು ಹೋದವು, ಸಲಹೆ ಮಾತ್ರ ಉಳಿದುಕೊಂಡಿತು.

ಹೋಗಲಿ, ಒಂದು ಗಾಜು ಹೆಚ್ಚಿಗೆ ಇದ್ದರೆ ನಷ್ಟವೇನು ಎಂದು ಕೇಳಬಹುದು. ಲೇಪನವಿಲ್ಲದ ಸಾಮಾನ್ಯ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಫಿಲ್ಟರಿಗೆ ಎರಡು ಮೈ, ಅಲ್ಲಿಗೆ ಹತ್ತಿರಹತ್ತಿರ ಶೇ. 8. ಇಷ್ಟು ಬೆಳಕು ಕಡಿಮೆಯಾಯಿತೆಂದು ಯಾರೂ ಅಳಬೇಕಾಗಿಲ್ಲ. ಕ್ಯಾಮೆರಾ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಹಿಂದಕ್ಕೆ ಹೋದ ಬೆಳಕು ಎಲ್ಲಿಗೆ ಹೋಯಿತು ಎಂಬುದೇ ಮುಖ್ಯ. ಸೆನ್ಸರಿನ ಮೇಲ್ಮೈ ಫಿಲ್ಮಿಗಿಂತ ಹೆಚ್ಚು ಹೊಳಪಿನದು. ಪ್ರಖರವಾದ ಒಂದು ದೀಪದ ಬೆಳಕು ಸೆನ್ಸರಿಗೆ ಬಡಿದು, ಲೆನ್ಸಿನ ಮೂಲಕವೇ ಮರಳಿ ಹೊರಟು, ಮುಂದಿರುವ ಚಪ್ಪಟೆ ಗಾಜಿಗೆ ತಾಗಿ ಮತ್ತೆ ಒಳಗೆ ಬರುತ್ತದೆ. ಬಾಗಿದ ಗಾಜಾಗಿದ್ದರೆ ಅದು ಚದುರಿಹೋಗುತ್ತಿತ್ತು. ಚಪ್ಪಟೆ ಗಾಜು ಅದನ್ನು ಬಹುತೇಕ ಒಟ್ಟಾಗಿಯೇ ಮರಳಿಸುತ್ತದೆ. ಚಿತ್ರದಲ್ಲಿ ಆ ದೀಪದ ಇನ್ನೊಂದು ಪ್ರತಿ ಚೌಕಟ್ಟಿನ ಮಧ್ಯಬಿಂದುವಿನಿಂದ ಸರಿಯಾಗಿ ಎದುರು ದಿಕ್ಕಿನಲ್ಲಿ, ತಲೆಕೆಳಗಾಗಿ ಮೂಡುತ್ತದೆ. ಛಾಯಾಗ್ರಾಹಕರು ಇದನ್ನು ಘೋಸ್ಟ್ ಎನ್ನುತ್ತಾರೆ.

ಈ ದೋಷ ಢಾಳಾಗಿ ಕಾಣುವ ಜಾಗ ಯಾವುದು ಎಂದರೆ ಮುಂಬೈಯಲ್ಲಿ ಎಲ್ಲರೂ ತೆಗೆಯುವ ಅದೇ ಚಿತ್ರ, ಮರೀನ್ ಡ್ರೈವಿನ ರಾತ್ರಿನೋಟ. ನರೀಮನ್ ಪಾಯಿಂಟಿನಿಂದ ಗಿರ್‌ಗಾಂವ್ ಚೌಪಾಟಿಯ ಕಡೆಗೆ ಬಾಗಿದ ದೀಪಗಳ ಸಾಲು, ಮೇಲೆ ಕಪ್ಪು ಆಕಾಶ, ಕೆಳಗೆ ಕಪ್ಪು ಕಡಲು. ಅಗ್ಗದ ಫಿಲ್ಟರ್ ಇದ್ದರೆ ಆ ಕಪ್ಪಿನೊಳಗೆ ಇನ್ನೊಂದು ಮಸುಕು ದೀಪಮಾಲೆ, ಹಸಿರು ಹಸಿರಾಗಿ, ಉಲ್ಟಾ ಬಾಗಿ ನಿಂತಿರುತ್ತದೆ. ನೋಡಿದವರು ಲೆನ್ಸ್ ಸರಿಯಿಲ್ಲವೆಂದು ಲೆನ್ಸನ್ನೇ ಬೈಯುತ್ತಾರೆ. ರಂಗದ ಚಿತ್ರಗಳದೂ ಇದೇ ಕಥೆ. ಊರಿನಲ್ಲಿ ಮಳೆ ಹಿಡಿದು ಮೇಳಗಳ ತಿರುಗಾಟ ನಿಂತಾಗ ಯಕ್ಷಗಾನ ಕಲಾವಿದರು ಮುಂಬೈ ಪ್ರವಾಸಕ್ಕೆ ಬರುತ್ತಾರೆ. ಕುರ್ಲಾ, ಮಾಟುಂಗ, ಡೊಂಬಿವಲಿಯ ಸಭಾಗೃಹಗಳಲ್ಲಿ ಆಟಗಳಾಗುತ್ತವೆ. ಕತ್ತಲೆ ಸಭಾಂಗಣ, ಮೇಲಿನಿಂದ ಕ್ಯಾಮೆರಾದ ಕಡೆಗೇ ಮುಖಮಾಡಿದ ದೀಪಗಳು, ನಡುವೆ ಕಿರೀಟದ ಹೊಳಪು. ವೇಷದ ಕಪ್ಪು ಕಪ್ಪಾಗಿ, ಕೆಂಪು ಕೆಂಪಾಗಿ ಉಳಿಯಬೇಕಾದರೆ ಲೆನ್ಸಿನೊಳಗೆ ಅಡ್ಡಾದಿಡ್ಡಿ ಬೆಳಕು ಅಲೆಯಬಾರದು. ಬೆಳಕು ಲೆನ್ಸಿಗೆ ಎದುರಾಗಿ ಬರುವ ದೃಶ್ಯಗಳಲ್ಲೇ ಛಾಯಾಗ್ರಹಣದ ಸೊಗಸು ಅರ್ಧ ಇದೆ. ಮೈಸೂರಿನ ವಿ.ಕೆ. ಮೂರ್ತಿಯವರು ಮುಂಬೈಯ ಸ್ಟುಡಿಯೋದೊಳಗೆ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ತಂದು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಆ ಬೆಳಕಿನ ಕೋಲನ್ನು ಸೃಷ್ಟಿಸಿದ್ದನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕಪ್ಪು ನಿಜವಾಗಿ ಕಪ್ಪಾಗಿದ್ದರಿಂದಲೇ ಆ ಬೆಳಕು ಹಾಗೆ ಉರಿಯಿತು. ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ಬಂದದ್ದು ಅದೇ ಮೊದಲು.

ಇಲ್ಲಿ ತಿಳಿದವರ ಆಕ್ಷೇಪ ಒಂದು ಬರುತ್ತದೆ. ಲೆನ್ಸಿನೊಳಗೆ ಈಗಾಗಲೇ ಹದಿನೈದು ಇಪ್ಪತ್ತು ಗಾಜುಗಳಿವೆ. ಇನ್ನೊಂದರಿಂದ ಏನು ಮುಳುಗಿಹೋಗುತ್ತದೆ? ಒಳಗಿನ ಒಂದೊಂದು ಗಾಜಿನ ಬಾಗು, ದಪ್ಪ, ಅಂತರ, ಲೇಪನವೂ ಉಳಿದವುಗಳ ಲೆಕ್ಕದಲ್ಲಿ ಹೊಂದಿಕೊಂಡಿರುತ್ತದೆ. ಮುಂದೆ ತಿರುಗಿಸಿದ ಚಪ್ಪಟೆ ಗಾಜು ಆ ಲೆಕ್ಕದಲ್ಲಿ ಇಲ್ಲ ಎಂಬುದೇ ಉತ್ತರ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಒಳ್ಳೆಯ ಫಿಲ್ಟರಿನಲ್ಲಿ ಈ ದೋಷ ಕಾಣುವುದಿಲ್ಲವಲ್ಲ? ನಿಜ. ಬಹುಪದರ ಲೇಪನವಿರುವ ಉತ್ತಮ ಫಿಲ್ಟರಿನ ಒಂದೊಂದು ಮೈಯಿಂದ ಮರಳುವ ಬೆಳಕು ಶೇ. 0.5ಕ್ಕೂ ಕಡಿಮೆ. ಹಗಲಿನ ಸಾಮಾನ್ಯ ಚಿತ್ರಗಳಲ್ಲಿ ಅದು ಇದೆಯೋ ಇಲ್ಲವೋ ಎಂದು ಹೇಳಲು ಯಾರಿಗೂ ಆಗದು, ಅಷ್ಟರಮಟ್ಟಿಗೆ ಆ ಪಕ್ಷದವರು ಹೇಳುವುದು ಸರಿ. ಆದರೆ ಅಂಥ ಫಿಲ್ಟರಿನ ಬೆಲೆ ಸಾವಿರಗಳಲ್ಲಿದೆ, ಲೆನ್ಸಿನ ವ್ಯಾಸ ಹಿಗ್ಗಿದಂತೆ ಬೆಲೆಯೂ ಏರುತ್ತದೆ. ಬಿಲ್ಲಿನ ಕೊನೆಯಲ್ಲಿ ಕೆಲವು ನೂರು ರೂಪಾಯಿಗೆ ಸೇರಿಸಿ ಕೊಡುವ ಫಿಲ್ಟರ್ ಅದಲ್ಲ. ಸಾವಿರಗಳಲ್ಲಿ ಕೊಂಡದ್ದೂ ಮರೀನ್ ಡ್ರೈವಿನ ದೀಪಗಳೆದುರು ಪೂರ್ತಿ ನಿರ್ದೋಷಿಯಲ್ಲ. ತಗ್ಗಿದ ಪ್ರತಿಬಿಂಬವೂ ದೀರ್ಘ ಎಕ್ಸ್‌ಪೋಶರಿನ ಕಪ್ಪು ಆಕಾಶದಲ್ಲಿ ಕಂಡುಬಿಡಬಹುದು.

ದೂರದ ಹಕ್ಕಿ ಹಿಡಿಯುವವರಿಗೆ ಫಿಲ್ಟರ್ ಕೊಡುವ ಕಾಟ ಬೇರೆ ಬಗೆಯದು. ಥಾಣೆ ಕೊಲ್ಲಿಯ ಫ್ಲೆಮಿಂಗೊ ಅಭಯಾರಣ್ಯ ಘೋಷಣೆಯಾದದ್ದು 2015ರಲ್ಲಿ, ರಾಮ್ಸರ್ ತಾಣವಾದದ್ದು 2022ರಲ್ಲಿ. ಚಳಿಗಾಲದಿಂದ ಮೇ ತಿಂಗಳವರೆಗೆ ಸಿವ್ರಿ, ಭಾಂಡುಪ್, ಐರೋಲಿಯ ಕೆಸರುಗದ್ದೆಗಳ ಮುಂದೆ ಉದ್ದುದ್ದ ಟೆಲಿ ಲೆನ್ಸುಗಳು ಸಾಲುಗಟ್ಟುತ್ತವೆ. ಗಾಜಿನ ಎರಡು ಮೈಗಳು ಪೂರ್ತಿ ಸಮತಟ್ಟಾಗಿ, ಪರಸ್ಪರ ಸಮಾನಾಂತರವಾಗಿ ಇಲ್ಲದಿದ್ದರೆ ಸಾಧಾರಣ ಲೆನ್ಸಿನಲ್ಲಿ ಅದು ತಿಳಿಯುವುದೇ ಇಲ್ಲ. 400 ಅಥವಾ 600 ಮಿಲಿಮೀಟರಿನ ಲೆನ್ಸು ಹಕ್ಕಿಯನ್ನು ಹಿಗ್ಗಿಸಿದಂತೆ ಆ ತಪ್ಪನ್ನೂ ಹಿಗ್ಗಿಸುತ್ತದೆ: ಗರಿಗಳ ಅಂಚು ಮಸುಕು, ಹಿನ್ನೆಲೆಯ ಮಂಜಿನಲ್ಲಿ ವಿಚಿತ್ರ ಗೆರೆಗಳು. ದುಬಾರಿಯ ದೈತ್ಯ ಟೆಲಿ ಲೆನ್ಸುಗಳ ಮುಂದೆ ಫಿಲ್ಟರ್ ತಿರುಗಿಸಲು ಮರೆಯೇ ಇರುವುದಿಲ್ಲ. ಫಿಲ್ಟರ್ ಬೇಕಾದರೆ ಹಿಂಭಾಗದಲ್ಲಿ ಪುಟ್ಟದೊಂದನ್ನು ಇಳಿಬಿಡುವ ಏರ್ಪಾಡು. ನಿಕಾನ್ 2007ರಲ್ಲಿ ತಂದ 14-24 ಮಿಲಿಮೀಟರಿನ ವೈಡ್ ಲೆನ್ಸಿನ ಮುಖದ ಗಾಜು ಗುಳ್ಳೆಯಂತೆ ಹೊರಗೆ ಉಬ್ಬಿದೆ, ಅದಕ್ಕೂ ಮುಂದೆ ಫಿಲ್ಟರ್ ಹಾಕಲಾಗದು. ವೃತ್ತಿಪರರು ಅಂಥ ಲೆನ್ಸುಗಳನ್ನು ವರ್ಷಗಟ್ಟಲೆ ಜನಜಂಗುಳಿಯೊಳಗೆ ಬೆತ್ತಲೆ ಗಾಜಿನಲ್ಲೇ ದುಡಿಸುತ್ತಾರೆ. ಲಕ್ಷಗಟ್ಟಲೆ ಬೆಲೆಯ ಲೆನ್ಸಿಗೆ ಇಲ್ಲದ ಭಯ ಕಿಟ್ ಲೆನ್ಸಿಗೆ ಏಕೆ?

ಬಿದ್ದರೆ ಎಂಬ ಭಯ ಮಾತ್ರ ಸುಲಭಕ್ಕೆ ಹೋಗುವಂಥದ್ದಲ್ಲ. ಲೋಕಲ್ ರೈಲಿನ ನೂಕುನುಗ್ಗಲು, ಸ್ಟೇಷನ್ನಿನ ಮೆಟ್ಟಿಲು, ಹೆಗಲಿನಿಂದ ಜಾರುವ ಪಟ್ಟಿ, ಎಲ್ಲವೂ ಇಲ್ಲಿನ ದಿನನಿತ್ಯದ ಅಪಾಯಗಳು. ಬಿದ್ದ ಕ್ಯಾಮೆರಾದಲ್ಲಿ ಫಿಲ್ಟರ್ ಚೂರಾಗಿ ಒಳಗಿನ ಲೆನ್ಸ್ ಹಾಗೇ ಉಳಿದದ್ದನ್ನು ಕಂಡವರು ಫಿಲ್ಟರೇ ಲೆನ್ಸನ್ನು ಉಳಿಸಿತೆಂದು ತೀರ್ಮಾನಿಸುತ್ತಾರೆ. ಆದರೆ ಫಿಲ್ಟರಿನ ಗಾಜು ತೆಳುವಾದದ್ದು. ಲೆನ್ಸಿನ ಮುಖದ ಗಾಜು ಅದರ ಹಲವು ಪಟ್ಟು ದಪ್ಪ. ಫಿಲ್ಟರ್ ಒಡೆಯಿತೆಂದರೆ ಆ ಪೆಟ್ಟು ಲೆನ್ಸನ್ನೂ ಒಡೆಯುತ್ತಿತ್ತು ಎಂದು ಅರ್ಥವಲ್ಲ. ಅಮೆರಿಕದ ವನ್ಯಜೀವಿ ಛಾಯಾಗ್ರಾಹಕ ಸ್ಟೀವ್ ಪೆರ್ರಿ ಫಿಲ್ಟರುಗಳ ಮೇಲೂ ಹಳೆಯ ಲೆನ್ಸುಗಳ ಮುಖದ ಮೇಲೂ ಅಳೆದ ಎತ್ತರದಿಂದ ಭಾರ ಬೀಳಿಸಿ ಪರೀಕ್ಷಿಸಿದರು. ಫಿಲ್ಟರುಗಳು ಸಣ್ಣ ಪೆಟ್ಟಿಗೇ ಒಡೆದವು, ಲೆನ್ಸಿನ ಮುಖ ಅದಕ್ಕಿಂತ ಬಹಳ ಹೆಚ್ಚು ತಡೆದುಕೊಂಡಿತು. ಒಡೆದ ಫಿಲ್ಟರಿನ ಚೂರುಗಳು ಲೆನ್ಸನ್ನು ಗೀರುವ ಸಂಭವವೂ ಇದೆ. ಫಿಲ್ಟರಿನ ಲೋಹದ ಉಂಗುರ ನೆಗ್ಗಿ ಲೆನ್ಸಿನ ಅಂಚನ್ನು ಉಳಿಸುವುದುಂಟು, ಇದನ್ನು ಒಪ್ಪಬೇಕು. ಆ ಕೆಲಸವನ್ನು ಲೆನ್ಸ್ ಹುಡ್ ಅದಕ್ಕಿಂತ ಚೆನ್ನಾಗಿ ಮಾಡುತ್ತದೆ. ಪ್ಲಾಸ್ಟಿಕ್ಕಿನ ಹುಡ್ ಪೆಟ್ಟಿಗೆ ಬಾಗುತ್ತದೆ, ಕಳಚಿಕೊಳ್ಳುತ್ತದೆ, ಬೇಕಾದರೆ ಒಡೆದೂ ಹೋಗುತ್ತದೆ. ಪೆಟ್ಟನ್ನು ಗಾಜಿಗೆ ತಲುಪಲು ಬಿಡುವುದಿಲ್ಲ. ಜತೆಗೆ ಅಡ್ಡಬೆಳಕನ್ನೂ ಹನಿಮಳೆಯನ್ನೂ ಬೆರಳುಗಳನ್ನೂ ದೂರವಿಡುತ್ತದೆ. ಚಿತ್ರಕ್ಕೆ ಅದರಿಂದ ಲಾಭವೇ. ಇಷ್ಟು ಉಪಕಾರಿಯಾದ ವಸ್ತುವನ್ನು ಎಷ್ಟೋ ಜನ ಲೆನ್ಸಿನ ಮೇಲೆ ತಿರುಗುಮುರುಗಾಗಿ ಕೂರಿಸಿಕೊಂಡು ಓಡಾಡುತ್ತಾರಲ್ಲ ಎಂಬುದು ನಿಜಕ್ಕೂ ಸಂಕಟದ ವಿಷಯ.

ಗೀರು ಬಿದ್ದರೆ ಲೆನ್ಸ್ ಹೋಯಿತು ಎಂಬ ಭಯವನ್ನೂ ಸ್ವಲ್ಪ ಪರೀಕ್ಷಿಸಬೇಕು. ಮುಖದ ಗಾಜಿನ ಮೇಲಿನ ಸಣ್ಣ ಗೀರು ಫೋಕಸ್ಸಿನಿಂದ ಎಷ್ಟು ದೂರವಿರುತ್ತದೆಂದರೆ ಅದು ಚಿತ್ರದಲ್ಲಿ ರೂಪ ತಳೆಯುವುದೇ ಇಲ್ಲ. ನಂಬಿಕೆ ಬಾರದಿದ್ದರೆ ಲೆನ್ಸಿನ ಮುಂದೆ, ಗಾಜಿಗೆ ತಾಗದಂತೆ, ಒಂದು ತೆಳು ಕಡ್ಡಿ ಹಿಡಿದು ಅಪರ್ಚರ್ ಪೂರ್ತಿ ತೆರೆದು ಚಿತ್ರ ತೆಗೆಯಿರಿ, ಕಡ್ಡಿಯನ್ನು ಹುಡುಕಬೇಕಾಗುತ್ತದೆ. ವೈಡ್ ಲೆನ್ಸಿನಲ್ಲಿ ಅಪರ್ಚರನ್ನು ಎಫ್-16ಕ್ಕೆ ಇಳಿಸಿದಾಗ ಅಥವಾ ಸೂರ್ಯನೇ ಎದುರಿದ್ದಾಗ ಮಾತ್ರ ಗುರುತು ಕಾಣಬಹುದು. ಹಿಂದಿನ ಗಾಜಿನ ಮೇಲಿನ ಗೀರು ಇದಕ್ಕಿಂತ ಎಷ್ಟೋ ಪಾಲು ಕೇಡು, ಅದಕ್ಕೆ ಯಾರೂ ಫಿಲ್ಟರ್ ಹಾಕುವುದಿಲ್ಲ. ಮುಂದೆ ಮಾರುವಾಗ ಬೆಲೆ ಬರುವುದಿಲ್ಲ ಎನ್ನುವವರ ಮಾತಿನಲ್ಲಿ ಸತ್ಯಾಂಶವಿದೆ. ಕೊಳ್ಳುವವನು ಗೀರು ನೋಡುತ್ತಾನೆ. ಆದರೆ ಅವನು ಟಾರ್ಚ್ ಹಾಕಿ ಲೆನ್ಸಿನ ಒಳಗನ್ನೂ ನೋಡುತ್ತಾನೆ. ಮುಂಬೈಯ ಲೆನ್ಸ್ ಸೋಲುವುದು ಬಹಳ ಸಲ ಅಲ್ಲಿಯೇ. ಆ ಮಾತಿಗೆ ಆಮೇಲೆ ಬರೋಣ.

ಹಾಗಾದರೆ ಫಿಲ್ಟರ್ ಹಾಕಲೇಬೇಕಾದ ಜಾಗ ಯಾವುದು? ಮೊದಲನೆಯದು ಕಡಲು. ಪ್ರತಿ ಮಳೆಗಾಲದಲ್ಲಿ 4.5 ಮೀಟರಿಗಿಂತ ಎತ್ತರದ ಭರತದ ದಿನಗಳ ಪಟ್ಟಿಯನ್ನು ಮುಂಬೈ ಮಹಾನಗರ ಪಾಲಿಕೆ ಪ್ರಕಟಿಸುತ್ತದೆ. ಜನರು ದೂರವಿರಲಿ ಎಂಬುದು ಅದರ ಉದ್ದೇಶ, ಕ್ಯಾಮೆರಾದವರಿಗೆ ಅದೇ ಆಹ್ವಾನವಾಗುತ್ತದೆ. (ತಡೆಗೋಡೆ ಹತ್ತಿ ನಿಲ್ಲಬೇಡಿ, ಯಾವ ಚಿತ್ರಕ್ಕೂ ಅಷ್ಟು ಬೆಲೆಯಿಲ್ಲ.) ಮರೀನ್ ಡ್ರೈವ್, ವರ್ಲಿ, ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿನ ಅಲೆಯ ಸಿಂಚನ ಬರೀ ನೀರಲ್ಲ. ಆರಿದರೆ ಉಪ್ಪಿನ ಪೊರೆ, ಅದರೊಳಗೆ ಮರಳಿನ ಕಣ. ಒಣಬಟ್ಟೆಯಲ್ಲಿ ಒರೆಸಿದರೆ ಉಜ್ಜುಕಾಗದದಿಂದ ಉಜ್ಜಿದಂತೆಯೇ. ಉಪ್ಪನ್ನು ನೀರಿನಲ್ಲಿ ಕರಗಿಸಿಯೇ ತೆಗೆಯಬೇಕು. ಲೆನ್ಸನ್ನು ನಲ್ಲಿಯ ಕೆಳಗೆ ಹಿಡಿಯಲಾಗದು, ಫಿಲ್ಟರನ್ನು ಬಿಚ್ಚಿ ಧಾರಾಳವಾಗಿ ತೊಳೆಯಬಹುದು. ಫಿಲ್ಟರಿನ ಪರವಾಗಿರುವ ಅತ್ಯಂತ ಗಟ್ಟಿ ವಾದ ಇದೇ ಎಂದು ನನಗನ್ನಿಸುತ್ತದೆ. ಎರಡನೆಯದು ಗುಲಾಲು. ಅನಂತ ಚತುರ್ದಶಿಯಂದು ಲಾಲ್‌ಬಾಗ್‌ನಿಂದ ಗಿರ್‌ಗಾಂವ್ ಚೌಪಾಟಿಗೆ ಸಾಗುವ ವಿಸರ್ಜನೆಯ ಮೆರವಣಿಗೆಯಲ್ಲಿ ಗಾಳಿಯೇ ಕೆಂಪಾಗಿರುತ್ತದೆ. ಹೋಳಿ, ದಹಿಹಂಡಿಯಲ್ಲಿ ಅದರ ಜತೆ ನೀರೂ ಸೇರಿರುತ್ತದೆ. ಬೆವರಿನ ಕೈ, ಬಣ್ಣದ ಪುಡಿ, ಗಡಿಬಿಡಿಯಲ್ಲಿ ಅಂಗಿಯ ತುದಿಯಿಂದ ಒರೆಸುವ ಚಪಲ, ಎಲ್ಲವೂ ಕೂಡುವ ಆ ದಿನ ಫಿಲ್ಟರ್ ಇರಲೇಬೇಕು. ಮೂರನೆಯದು ಮಳೆಯೇ. ಕ್ಯಾನನ್‌ನ 17-40 ಮಿಲಿಮೀಟರಿನಂಥ ಕೆಲವು ಲೆನ್ಸುಗಳಿಗೆ ನೀರು ಮತ್ತು ಧೂಳಿನ ತಡೆ ಪೂರ್ಣವಾಗಬೇಕಾದರೆ ಮುಂದೆ ಫಿಲ್ಟರ್ ಇರಬೇಕೆಂದು ತಯಾರಕರೇ ಹೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರಿನೊಳಗೆ 2,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿನಲ್ಲಿ, ಅದರಲ್ಲೂ 2005ರ ಜುಲೈ 26ರಂದು ಒಂದೇ ದಿನ ಸಾಂತಾಕ್ರೂಝಿನಲ್ಲಿ 944 ಮಿಲಿಮೀಟರ್ ಮಳೆ ಕಂಡ ಊರಿನಲ್ಲಿ, ಲೆನ್ಸಿನ ಕೈಪಿಡಿಯ ಆ ಸಾಲನ್ನು ಓದದೆ ಬಿಡುವುದು ತಪ್ಪು.

ಸಿನಿಮಾದವರ ರೂಢಿ ಇಲ್ಲಿ ಮಾದರಿಯಾಗಬಲ್ಲದು. ಸ್ಫೋಟದ ದೃಶ್ಯವಿದ್ದರೆ, ಕೆಸರು ಹಾರುವುದಿದ್ದರೆ, ಕ್ಯಾಮೆರಾದ ಕಡೆಗೆ ನೀರು ಎರಚುವುದಿದ್ದರೆ ಅವರು ಲೆನ್ಸಿನ ಮುಂದೆ ಸ್ವಚ್ಛವಾದ ಸಮತಟ್ಟು ಗಾಜೊಂದನ್ನು ಇಳಿಸುತ್ತಾರೆ. ದೃಶ್ಯ ಮುಗಿಯಿತು, ಗಾಜೂ ಹೊರಗೆ. ಸ್ಟಿಲ್ ಕ್ಯಾಮೆರಾದವರು ಇದಕ್ಕೆ ಹೇಳುವ ಅಡ್ಡಮಾತು, ಹಾಕಿ ತೆಗೆಯಲು ಪುರುಸೊತ್ತೆಲ್ಲಿ ಎಂಬುದು. ಮೆರವಣಿಗೆಯ ಮಧ್ಯೆ ಪುರುಸೊತ್ತಿಲ್ಲ, ಒಪ್ಪಿದೆ. ಅದಕ್ಕೇ ಮನೆಯಿಂದ ಹೊರಡುವಾಗಲೇ ಹಾಕಿ ಹೊರಡಬೇಕು, ಮನೆಗೆ ಬಂದು ತೆಗೆಯಬೇಕು.

ತೆಗೆಯಬೇಕು ಎಂದು ಒತ್ತಿ ಹೇಳಲು ಕಾರಣ ಬೂಷ್ಟು. ಜುಲೈ-ಆಗಸ್ಟಿನಲ್ಲಿ ಮುಂಬೈಯ ಗಾಳಿಯ ಆರ್ದ್ರತೆ ಶೇ. 80ರ ಮೇಲೆಯೇ ಇರುತ್ತದೆ. ಶೇ. 60-70ನ್ನು ದಾಟಿದ ತೇವದಲ್ಲಿ, ಕತ್ತಲೆಯಲ್ಲಿ, ಗಾಳಿಯಾಡದ ಚೀಲದೊಳಗೆ ಲೆನ್ಸಿನ ಒಳಗಾಜುಗಳ ಮೇಲೆ ಶಿಲೀಂಧ್ರ ಜೇಡರ ಬಲೆಯಂತೆ ಹರಡುತ್ತದೆ. ಅದು ಸ್ರವಿಸುವ ಆಮ್ಲ ಲೇಪನವನ್ನು ತಿನ್ನುತ್ತದೆ, ಕೊನೆಗೆ ಗಾಜಿಗೂ ಕಲೆ ಬೀಳುತ್ತದೆ. ಬಿಚ್ಚಿ ತೊಳೆದರೂ ಆ ಕಲೆ ಹೋಗದು. ಎದುರಿನಿಂದ ಬೆಳಕು ಬಂದೊಡನೆ ಇಡೀ ಚಿತ್ರ ಹಾಲುಹಾಲಾಗುತ್ತದೆ. ಮುಂದಿನ ಫಿಲ್ಟರ್ ಇದನ್ನು ತಡೆಯುವುದಿಲ್ಲ. ತೇವ ಒಳಗೆ ಹೋಗುವುದು ಝೂಮಿನ, ಫೋಕಸ್ಸಿನ ಸಂದುಗಳಿಂದ. ಝೂಮ್ ಹಿಗ್ಗಿ ಕುಗ್ಗಿದಾಗಲೆಲ್ಲ ಲೆನ್ಸ್ ಉಸಿರೆಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಕಳಚದ ಫಿಲ್ಟರ್ ತನಗೂ ಲೆನ್ಸಿಗೂ ನಡುವೆ ತೇವವನ್ನು ಹಿಡಿದಿಟ್ಟು ಅಲ್ಲೇ ಇನ್ನೊಂದು ಬೂಷ್ಟಿನ ತೋಟಕ್ಕೆ ಜಾಗ ಮಾಡಿಕೊಡಬಹುದು. ಉಪ್ಪುಗಾಳಿಗೆ ಅಲ್ಯೂಮಿನಿಯಮ್ ಉಂಗುರ ಕಚ್ಚಿಕೊಂಡು, ಬೇಕೆಂದಾಗ ಬಿಚ್ಚಲು ಬಾರದಂತೆಯೂ ಆಗುತ್ತದೆ. ಹಿತ್ತಾಳೆಯ ಉಂಗುರದ ಫಿಲ್ಟರುಗಳು ಹೀಗೆ ಕಚ್ಚುವುದು ಕಡಿಮೆ.

ಏಸಿ ಕೋಣೆಯಿಂದಲೋ, 2017ರ ಡಿಸೆಂಬರಿನಿಂದ ಓಡುತ್ತಿರುವ ಏಸಿ ಲೋಕಲಿನಿಂದಲೋ ಹೊರಬಿದ್ದ ಕ್ಯಾಮೆರಾದ ತಣ್ಣನೆ ಗಾಜಿನ ಮೇಲೆ ಹೊರಗಿನ ಸೆಕೆಯ ತೇವ ಹನಿಗಟ್ಟುವುದನ್ನು ಮುಂಬೈಕರರು ಬಲ್ಲರು. ಫಿಲ್ಟರ್ ಇದ್ದರೆ ಅದರ ಎರಡೂ ಮೈ ಮಂಜಾಗುತ್ತದೆ, ಒಳಗಿನ ಮೈಯನ್ನು ಒರೆಸಲು ಬಿಚ್ಚಲೇಬೇಕು. ಹೊರಬರುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಹೊರಗಿನ ಶಾಖಕ್ಕೆ ಬರುವವರೆಗೆ ಹಾಗೇ ಬಿಡುವುದು ಇದಕ್ಕೆ ಸರಿಯಾದ ಉಪಾಯ. ನೀರು ಚೀಲದ ಮೇಲೆ ಹನಿಗಟ್ಟುತ್ತದೆ, ಗಾಜಿನ ಮೇಲಲ್ಲ.

ದೊಡ್ಡ ಕ್ಯಾಮೆರಾ ಇಲ್ಲದವರಿಗೂ ಈ ಚರ್ಚೆ ಸಲ್ಲುತ್ತದೆ. ಮನೀಶ್ ಮಾರ್ಕೆಟ್ಟಿನಿಂದ ಹಿಡಿದು ಪ್ರತಿ ಸ್ಟೇಷನ್ನಿನ ಹೊರಗಿನ ಗೂಡಂಗಡಿಯವರೆಗೆ ಮೊಬೈಲ್ ಕ್ಯಾಮೆರಾದ ಮೇಲೆ ಅಂಟಿಸುವ ಗಾಜು ಮಾರಾಟಕ್ಕಿದೆ. ಫೋನಿನ ಲೆನ್ಸಿನ ಮೇಲೆ ಗಟ್ಟಿಯಾದ ಗಾಜಿನ ಮುಚ್ಚಳ ಮೊದಲೇ ಇರುತ್ತದೆ. ಅದರ ಮೇಲೆ ಲೇಪನವಿಲ್ಲದ ಇನ್ನೊಂದು ಗಾಜು, ನಡುವೆ ಸಿಕ್ಕಿಬಿದ್ದ ಧೂಳು, ಅಂಚಿನಲ್ಲಿ ಅಂಟು. ರಾತ್ರಿಯ ಚಿತ್ರದಲ್ಲಿ ಪ್ರತಿ ಬೀದಿದೀಪದ ಸುತ್ತ ಹರಡುವ ಮಬ್ಬಿಗೆ ಬಹಳ ಸಲ ಅದೇ ಕಾರಣ. ಇಲ್ಲೂ ಹಾಕಿ ನೋಡಿ, ತೆಗೆದು ನೋಡಿ. ಒಂದೇ ದೀಪದ ಎರಡು ಚಿತ್ರ ಸಾಕು ತೀರ್ಮಾನಕ್ಕೆ.

ಒಂದು ಎಚ್ಚರಿಕೆಯನ್ನು ಮಾತ್ರ ಯಾವ ವಾದಕ್ಕೂ ಬಿಡದೆ ಹೇಳಬೇಕು. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರ್ವತ್ತೂರಿನಲ್ಲಿ, ಮಂಗಳೂರಿನಲ್ಲಿ, ಕೊಡಗಿನ ಕುಟ್ಟದಲ್ಲಿ ಕಂಕಣ ಗ್ರಹಣ ಕಂಡಿತು. ಮುಂಬೈಯಲ್ಲಿ ಪಾರ್ಶ್ವ ಗ್ರಹಣ. ಅಂಥ ದಿನ ಯುವಿ ಫಿಲ್ಟರ್ ಹಾಕಿದ್ದೇನೆಂಬ ಧೈರ್ಯದಲ್ಲಿ ಟೆಲಿ ಲೆನ್ಸನ್ನು ಸೂರ್ಯನ ಕಡೆ ತಿರುಗಿಸಬಾರದು. ಆ ಗಾಜು ಬಿಸಿಲನ್ನು ಹೆಚ್ಚುಕಮ್ಮಿ ಪೂರ್ತಿಯಾಗಿಯೇ ಒಳಗೆ ಬಿಡುತ್ತದೆ. ಕನ್ನಡಿಯ ಕಿಂಡಿಯಲ್ಲಿ ಇಣುಕಿದ ಕಣ್ಣು ಹೋಗಬಹುದು, ಸೆನ್ಸರ್ ಸುಡಬಹುದು. ಅದಕ್ಕೆಂದೇ ಮಾಡಿದ ಸೌರ ಫಿಲ್ಟರ್ ಬೇಕು, ಅದು ಲೆನ್ಸಿನ ಮುಂದೆಯೇ ಇರಬೇಕು.

ಇನ್ನು ಖರ್ಚಿನ ಮಾತು. ಒಂದು ಉತ್ತಮ ಫಿಲ್ಟರ್, ಲೆನ್ಸಿನ ಜತೆ ಬಾರದಿದ್ದರೆ ಒಂದು ಹುಡ್, ಒಂದು ಗಾಳಿ ಊದುವ ರಬ್ಬರ್ ಬುರುಡೆ, ಮೈಕ್ರೋಫೈಬರ್ ಬಟ್ಟೆ. ಇದಾದ ಮೇಲೆ ಉಳಿದ ಹಣ ಒಣಪೆಟ್ಟಿಗೆಗೆ ಹೋಗಲಿ. ವಿದ್ಯುತ್ತಿನ ಕಪಾಟು ಕೊಳ್ಳಲಾಗದವರು ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಂದಷ್ಟು ಸಿಲಿಕಾ ಜೆಲ್, ತೇವ ಅಳೆಯುವ ಒಂದು ಪುಟ್ಟ ಮೀಟರ್ ಇಟ್ಟುಕೊಂಡರೆ ಆಯಿತು. ಮುಳ್ಳು ಶೇ. 40ರಿಂದ 50ರ ನಡುವೆ ನಿಲ್ಲಬೇಕು. ಏರತೊಡಗಿದರೆ ಜೆಲ್ಲನ್ನು ಕಾಯಿಸಿ ಒಣಗಿಸಿ ಮತ್ತೆ ಹಾಕಬೇಕು. ಜೂನ್ ಮೊದಲ ವಾರದೊಳಗೆ, ಮಳೆ ಹಿಡಿಯುವ ಮೊದಲೇ, ಲೆನ್ಸುಗಳು ಚರ್ಮದ ಚೀಲದಿಂದ ಹೊರಬಂದು ಆ ಡಬ್ಬಿ ಸೇರಿರಲಿ, ಫಿಲ್ಟರನ್ನು ಕಳಚಿ ಬೇರೆಯಾಗಿ ಇಟ್ಟಿರಲಿ.